ಹದಿನೇಳನೇ ಮಂಚ

ಆ ದ್ವೀಪದ ಕೋಟೆಯಲ್ಲಿ ಸಿಪಾಯಿಗಳು ನಲವತ್ತು, ಮಂಚಗಳು ಇಪ್ಪತ್ತು. ಅರ್ಧ ಜನ ರಾತ್ರಿ ದುಡಿದು ಹಗಲು ಮಲಗಬೇಕು, ಉಳಿದವರು ಹಗಲು ದುಡಿದು ರಾತ್ರಿ ಮಲಗಬೇಕು. ಈ ಉಪಾಯ ಹೊಳೆದಾಗ ಮೇಲಧಿಕಾರಿಗಳು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಿರಬೇಕು. ಅವರಿಗೆ ತಲೆಗೊಂದು ಕೋಣೆಯೇ ಇತ್ತು, ಆ ಮಾತು ಬೇರೆ.

ಹದಿನೇಳನೇ ಮಂಚ ಹಗಲಿನಲ್ಲಿ ಗೂಬೆಯದು. ಶತ್ರುಗಳ ಹಡಗು ಬಂದೀತೇ ಎಂದು ರಾತ್ರಿಯಿಡೀ ಬುರುಜಿನ ಮೇಲೆ ನಿಂತು ಕಡಲನ್ನು ದಿಟ್ಟಿಸುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಊರಲ್ಲಿ ಅವನು ದರ್ಜಿಯಾಗಿದ್ದ. ಬೆಳಗಿನ ಐದೂಕಾಲಿಗೆ ಇಳಿದು ಬರುವಷ್ಟರಲ್ಲಿ ಚಳಿ ಮೂಳೆಗೆ ಹೊಕ್ಕಿರುತ್ತಿತ್ತು. ಕೋಟೆಯಲ್ಲಿ ಒಣಗಿದ್ದು ಎಂಬುದೇ ಇರಲಿಲ್ಲ. ಗೋಡೆ ಒದ್ದೆ, ಕಾಲುಚೀಲ ಒದ್ದೆ, ಬೆಂಕಿಪೊಟ್ಟಣವೂ ಒದ್ದೆ. ಬಿಸ್ಕತ್ತು ಮಾತ್ರ ಹಲ್ಲು ಮುರಿಯುವಷ್ಟು ಗಟ್ಟಿ, ಅದರಲ್ಲಿ ಹುಳ. ಸಿಹಿನೀರು ದಿನಕ್ಕೆ ತಲೆಗೆ ಎರಡು ಚೊಂಬು, ಮೈ ತೊಳೆಯಲು ಉಪ್ಪುನೀರೇ ಗತಿ. ಇಡೀ ದ್ವೀಪದಲ್ಲಿ ಅವನಿಗೆಂದು ಬೆಚ್ಚಗೆ ಸಿಗುತ್ತಿದ್ದುದು, ಆಗತಾನೇ ಇನ್ನೊಬ್ಬ ಎದ್ದುಹೋದ ಆ ಹಾಸಿಗೆ ಒಂದೇ.

ಆ ಇನ್ನೊಬ್ಬನನ್ನು ಗೂಬೆ ಕಣ್ಣಾರೆ ಕಂಡಿರಲಿಲ್ಲ. ಐದಕ್ಕೆ ಗಂಟೆ ಹೊಡೆದ ಕೂಡಲೇ ಅವನು ಹಿಂದಿನ ಮೆಟ್ಟಿಲಿಳಿದು ಅಡುಗೆಮನೆಗೆ ಹೋಗುತ್ತಿದ್ದ. ಸಂಜೆ ಗೂಬೆ ಬುರುಜು ಹತ್ತುವಾಗ ಅವನಿನ್ನೂ ಪಾತ್ರೆ ಉಜ್ಜುತ್ತಿದ್ದ. ಕಾವಲಿನವರು ಅಡುಗೆಮನೆಯ ಕಡೆ ಸುಳಿಯುವಂತಿರಲಿಲ್ಲ, ಊಟ ಡಬ್ಬಿಯಲ್ಲಿ ಬುರುಜಿಗೇ ಬರುತ್ತಿತ್ತು. ದಿಂಬಿಗೆ ಈರುಳ್ಳಿ ವಾಸನೆ ಇದ್ದುದರಿಂದ ಗೂಬೆ ಅವನಿಗೆ ಈರುಳ್ಳಿ ಎಂದೇ ಹೆಸರಿಟ್ಟ. ಹಾಸಿಗೆಯ ನಡುವಿನ ತಗ್ಗು ನೋಡಿ, ಆಸಾಮಿ ಭಾರೀ ಆಳೇ ಇರಬೇಕು ಎಂದು ಅಂದಾಜು ಮಾಡಿದ್ದ. ಏಳು ತಿಂಗಳಲ್ಲಿ ಅವನು ಮನಸ್ಸು ಬಿಚ್ಚಿ ಮಾತಾಡಿದ್ದು ಆ ತಗ್ಗಿನೊಂದಿಗೆ ಮಾತ್ರ. ಹೆಂಡತಿಯ ಕಾಗದವನ್ನೂ ಅದಕ್ಕೇ ಓದಿ ಹೇಳಿದ್ದ: ಅವನಿನ್ನೂ ಮುಖ ನೋಡದ ಮಗಳಿಗೆ ಎರಡು ಹಲ್ಲು ಬಂದಿವೆಯಂತೆ. ಕಾಗದ ದಿಂಬಿನ ಕೆಳಗೇ ಇರುತ್ತಿತ್ತು.

ಸೋಮವಾರ ಅಪ್ಪಣೆಯಾಯಿತು. ದಿನಸಿ ಸಾಲದು, ಮಂಚಕ್ಕೊಬ್ಬರಂತೆ ಗುರುವಾರ ಹನ್ನೊಂದು ಗಂಟೆಗೆ ದೋಣಿ ಹತ್ತಿ ಊರಿಗೆ ಹೋಗಬೇಕು. ಪ್ರತಿ ಮಂಚಕ್ಕೂ ಒಂದು ತಗಡಿನ ಬಿಲ್ಲೆ ತೂಗುಹಾಕಿದರು. ದೋಣಿಕಟ್ಟೆಯಲ್ಲಿ ಅದನ್ನು ಯಾರು ಕೊಡುತ್ತಾರೋ ಅವರು ಹೋಗಬಹುದು. ಯಾರೆಂದು ನೀವು ನೀವೇ ತೀರ್ಮಾನಿಸಿಕೊಳ್ಳಿ ಎಂದುಬಿಟ್ಟರು. ಕೆಲವರು ಚೀಟಿ ಎತ್ತಿದರು, ಒಂಬತ್ತನೇ ಮಂಚದವರು ಕೈ ಕೈ ಮಿಲಾಯಿಸಿದರು.

ಗೂಬೆ ಹಿಂದುಮುಂದು ನೋಡದೆ ಬಿಲ್ಲೆಯನ್ನು ಜೇಬಿಗಿಳಿಸಿದ. ಆಗ ನಾಚಿಕೆಯೇನೂ ಆಗಲಿಲ್ಲ. ಮಲಗುವ ಮುಂಚೆ ದಿಂಬು ಮಗುಚಿದಾಗ ಕೆಳಬದಿಯಲ್ಲಿ ಕಂದು ಕಲೆಗಳು ಕಂಡವು, ಕೆಮ್ಮಿನೊಂದಿಗೆ ಬಿದ್ದ ರಕ್ತ. ಮಂಚದಡಿಯ ಔಷಧಿ ಬಾಟಲಿ ಖಾಲಿಯಾಗಿತ್ತು. ಈ ಒದ್ದೆಯಲ್ಲಿ ಈರುಳ್ಳಿ ಇನ್ನೊಂದು ಚಳಿಗಾಲ ಕಾಣುವುದಿಲ್ಲ ಎಂದು ತಿಳಿಯಲು ಡಾಕ್ಟರೇ ಬೇಕಿರಲಿಲ್ಲ. "ಹಾಳಾದೋನು, ನನ್ನ ಕಣ್ಣಿಗೇ ಬೀಳ್ಬೇಕಿತ್ತಾ ಇದು" ಎಂದು ಗೂಬೆ ಗೊಣಗಿದ. ಸಂಜೆ ಬಿಲ್ಲೆಯನ್ನು ಬಾಟಲಿಯ ಕತ್ತಿಗೆ ಕಟ್ಟಿಟ್ಟು ಕಾವಲಿಗೆ ಹೋದ.

ಮಂಗಳವಾರ ಬೆಳಿಗ್ಗೆ ಬಿಲ್ಲೆ ಹೆಂಡತಿಯ ಕಾಗದದ ಮಡಿಕೆಯೊಳಗಿತ್ತು. ಓದಿದ್ದಾನೆ, ಕಳ್ಳ! ಆ ಸಂಜೆ ಗೂಬೆ ಅದನ್ನು ಈರುಳ್ಳಿಯ ಉಣ್ಣೆಟೋಪಿಯಲ್ಲಿ ಇಟ್ಟ. ಬುಧವಾರ ಅದು ಗೂಬೆಯ ಬಿಡಿ ಬೂಟಿನಲ್ಲಿ ಸಿಕ್ಕಿತು. ಇವನೇನು ಕಮ್ಮಿ ಮೊಂಡನೇ? ಗೂಳಿಯಂಥ ಹಟ. ದರ್ಜಿ ಸೂಜಿದಾರ ತೆಗೆದ. ಗೂಟಕ್ಕೆ ನೇತುಹಾಕಿದ್ದ ಈರುಳ್ಳಿಯ ಕೋಟಿನ ಒಳಜೇಬಿಗೆ ಬಿಲ್ಲೆ ಹಾಕಿ, ಬಾಯನ್ನು ಒತ್ತೊತ್ತಾಗಿ ಹೊಲಿದುಬಿಟ್ಟ.

ಗುರುವಾರ ಬೆಳಿಗ್ಗೆ ಕೋಟು ಇರಲಿಲ್ಲ, ಬಿಲ್ಲೆಯೂ ಎಲ್ಲೂ ಇರಲಿಲ್ಲ. ಹೋಗುತ್ತಾನೆ, ಬದುಕಿಕೊಳ್ಳುತ್ತಾನೆ. ಗೂಬೆ ಮಗಳನ್ನು ನೆನೆದು ಸ್ವಲ್ಪ ಅತ್ತ. ಆದರೂ ಎದೆಯ ಮೇಲಿನ ಭಾರ ಇಳಿದಂತಾಗಿ, ಮೈಮರೆತು ನಿದ್ದೆಹೋದ.

ಎಬ್ಬಿಸಿದ್ದು ಹವಾಲ್ದಾರನ ಬೂಟು. "ಲೋ ಗೂಬೆ! ಹದಿನೇಳರಿಂದ ಯಾಕೋ ಯಾರೂ ಬರ್ಲಿಲ್ಲ? ಒಂದು ಜಾಗ ಖಾಲಿ ಇಟ್ಕೊಂಡೇ ದೋಣಿ ಹೋಯ್ತಲ್ಲೋ!"

ಗೂಬೆ ದಡಬಡಿಸಿ ಎದ್ದು ಕೂತ. ಎದೆಯ ಮೇಲಿಂದ ಬಿಲ್ಲೆ ಜಾರಿ ಕಲ್ಲುನೆಲದ ಮೇಲೆ ಠಣ್ ಎಂದಿತು. ದಾರದ ತುಂಡು ಅದಕ್ಕಿನ್ನೂ ಸಿಕ್ಕಿಕೊಂಡಿತ್ತು. ಅವನು ಮಲಗಿದ್ದಾಗ ಈರುಳ್ಳಿ ಬಂದಿದ್ದ. ಎಬ್ಬಿಸಿದರೆ ಇವನು ಒಪ್ಪಲಾರ ಎಂದುಕೊಂಡು ಎದೆಯ ಮೇಲಿಟ್ಟು, ದೋಣಿಕಟ್ಟೆಯ ಗಂಟೆಗೆ ಹೇಗೂ ಏಳುತ್ತಾನೆ ಎಂದು ನಂಬಿ ಹೋಗಿದ್ದ. ಗಂಟೆ ಬಾರಿಸಿತ್ತು. ಏಳು ತಿಂಗಳಲ್ಲಿ ಅದೊಂದೇ ದಿನ ಗೂಬೆಗೆ ಹಾಯಾಗಿ ನಿದ್ದೆ ಬಂದಿತ್ತು.

ಹವಾಲ್ದಾರ ಇಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿದ. ಈರುಳ್ಳಿ ಭಾರೀ ಆಳಾಗಿರಲಿಲ್ಲ. ಉಫ್ ಎಂದರೆ ಹಾರಿಹೋಗುವಂಥ ನರಪೇತಲ. ಹಾಗಾದರೆ ಆ ತಗ್ಗು ಗೂಬೆಯ ಮೈಯಿಂದಲೇ ಬಿದ್ದದ್ದು. ಇಷ್ಟು ದಿನ ಅವನು ತನ್ನೊಂದಿಗೆ ತಾನೇ ಮಾತಾಡಿಕೊಂಡಿದ್ದ.

"ನೀವ್ಯಾಕೆ ಹೋಗ್ಲಿಲ್ಲ?" ಎಂದು ಗೂಬೆ ಕೇಳಿದ.

"ನಿಮ್ಮ ಮಗಳಿಗೆ ಹಲ್ಲು ಬಂತಲ್ಲ." ಈರುಳ್ಳಿ ಕೆಮ್ಮಿ ಸುಧಾರಿಸಿಕೊಂಡ. "ನಂಗೆ ಅಲ್ಲಿ ಯಾರಿದಾರೆ? ನೀವು ಏಳ್ತೀರಾ ಅಂದ್ಕೊಂಡೆ."

"ನಿದ್ದೆ ಬಂದ್ಬಿಡ್ತು."

ಒಂದೇ ದಿಂಬಿಗೆ ತಲೆಕೊಟ್ಟವರು ನೀವು ತಾವು ಎಂದು ಮಾತಾಡಿದರು.

"ಈಗ ಇಪ್ಪತ್ತೊಂದು ಜನ, ಇಪ್ಪತ್ತು ಮಂಚ" ಎಂದು ಹವಾಲ್ದಾರ ತಲೆ ಚಚ್ಚಿಕೊಂಡ. "ಎಲ್ರಿಗೂ ಒಂದೊಂದಾಯ್ತು, ನಿಮಗಿಬ್ರಿಗೆ ಮಾತ್ರ ಒಂದು. ಉಗ್ರಾಣದಲ್ಲಿ ಹಲಗೆ ಇದೆ, ಇನ್ನೊಂದು ಮಂಚ ಹೊಡೆಸ್ಲಾ?"

"ಬೇಡ ಸಾರ್" ಎಂದ ಗೂಬೆ. ಈರುಳ್ಳಿಯೂ ತಲೆಯಾಡಿಸಿದ.

ಶುಕ್ರವಾರ ಬೆಳಿಗ್ಗೆ ಗೂಬೆ ಇಳಿದು ಬಂದಾಗ ಹಾಸಿಗೆ ಬೆಚ್ಚಗಿತ್ತು. ದಿಂಬು ಒದ್ದೆಯಾಗಿತ್ತು. ಕೋಟೆಯಲ್ಲಿ ಒದ್ದೆಯಾಗದ್ದು ಯಾವುದಿದೆ ಎಂದುಕೊಂಡು ಕೆನ್ನೆ ಇಟ್ಟ. ಆ ಒದ್ದೆಯೂ ಬೆಚ್ಚಗಿತ್ತು; ರಕ್ತವಲ್ಲ, ಕಣ್ಣೀರು. ಅವನು ದಿಂಬನ್ನು ಮಗುಚಲಿಲ್ಲ. ಅಂಗಳದಾಚೆ ಅಡುಗೆಮನೆಯಿಂದ ಕೆಮ್ಮು ಕೇಳುತ್ತಿತ್ತು. ಅದು ನಿಲ್ಲುವವರೆಗೂ ಅವನಿಗೆ ನಿದ್ದೆ ಬರಲಿಲ್ಲ.