ಬಿಸಿ ತಿಳಿಯದ ಕೈ

ನಾರಾಯಣಮ್ಮನ ಕೈಗೆ ಬಿಸಿ ತಿಳಿಯುತ್ತಿರಲಿಲ್ಲ. ಎಂಟನೇ ವಯಸ್ಸಿಗೇ ಶಿಡ್ಲಘಟ್ಟದ ಚರಕದ ಮನೆಯೊಂದರಲ್ಲಿ ಬಾಣಲೆಯ ಮುಂದೆ ಕೂತವಳು ಅವಳು. ಕುದಿಯುವ ನೀರಿನಲ್ಲಿ ತೇಲುವ ರೇಷ್ಮೆಗೂಡುಗಳ ನಡುವೆ ಬೆರಳಾಡಿಸಿ, ಎಳೆ ಹುಡುಕಿ ಎತ್ತಿ ಕೊಡುವುದು ಅವಳ ಕೆಲಸ. ಮೊದಲ ವರ್ಷ ಬೊಬ್ಬೆ ಎದ್ದವು, ಎರಡನೆಯ ವರ್ಷ ಚರ್ಮ ಸುಲಿಯಿತು, ಆಮೇಲೆ ಬೆರಳುಗಳು ಅಳುವುದನ್ನೇ ಬಿಟ್ಟುಬಿಟ್ಟವು. ಊರಿನಲ್ಲಿ ಅಂಥ ಕೈಗಳು ನೂರಾರಿದ್ದವು. ಯಾರೂ ಅದನ್ನೊಂದು ಕಾಯಿಲೆ ಎಂದುಕೊಂಡಿರಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುವ ಸೊಸೆಯನ್ನು ಕಂಡು ಅತ್ತೆಯೇ ಹೆಮ್ಮೆಪಡುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಅವಳು ನಲ್ಲಪ್ಪನವರ ಹೆರಿಗೆ ಆಸ್ಪತ್ರೆಗೆ ಆಯಾ ಆಗಿ ಸೇರಿದಳು. ನಲ್ಲಪ್ಪನವರು ಗೂಡಿನ ವ್ಯಾಪಾರದಲ್ಲಿ ಬೆಳೆದ ದೊಡ್ಡ ಮನುಷ್ಯರು. ತಾಯಿಯ ಹೆಸರಿನಲ್ಲಿ ಎಂಟು ಮಂಚದ ಆಸ್ಪತ್ರೆ ಕಟ್ಟಿಸಿದ್ದರು. ಕಟ್ಟಿಸಿದವರು ಅವರು, ನಡೆಸುತ್ತಿದ್ದವರು ಮಾತ್ರ ಶಾಂತಕುಮಾರಿ ಸಿಸ್ಟರು. ಡಾಕ್ಟರಿಗೂ ಇದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಸಿಸ್ಟರಿಗೆ ರೋಗಿಗಳ ಮೇಲೆ ಎಷ್ಟು ಅಕ್ಕರೆಯೋ ಕೆಲಸದವರ ಮೇಲೂ ಅಷ್ಟೇ. ಕಾಂಪೌಂಡರ್ ಗಂಗುಲಪ್ಪ ಕುಡಿದು ಬಂದ ದಿನಗಳಲ್ಲಿ ಅವನು ಬೆರೆಸಿದ ಔಷಧಿಯನ್ನು ಬಾಯಿಬಿಡದೆ ಚೆಲ್ಲಿ ತಾನೇ ಬೆರೆಸಿಡುತ್ತಿದ್ದಳು. ಒಂದು ವರ್ಷ ಹಾಗೆ ಕಳೆದ ಮೇಲೆ ಅವನೇ ನಾಚಿ ಕುಡಿತ ಬಿಟ್ಟ. ಕಸ ಗುಡಿಸುವ ಮುನಿಶಾಮಮ್ಮನ ಮಗನಿಗೆ ವಿಷಮಶೀತ ಜ್ವರ ಬಂದಾಗ, ಹನ್ನೊಂದು ದಿನ ಪೊರಕೆ ಹಿಡಿದವಳೂ ಈ ಸಿಸ್ಟರೇ. ನಾರಾಯಣಮ್ಮನಿಗೆ ಔಷಧಿ ಸೀಸೆಗಳ ಮೇಲಿನ ಅಕ್ಷರ ಓದುವುದನ್ನು ಕಲಿಸಿದಳು. ಅದಕ್ಕೂ ಮೊದಲು ಇನ್ನೊಂದು ಪಾಠ ಹೇಳಿಕೊಟ್ಟಿದ್ದಳು.

"ಬಾಣಂತಿ ನೀರು, ಮಗು ನೀರು, ಯಾವುದಕ್ಕೂ ನಿನ್ನ ಬೆರಳನ್ನ ನಂಬಬೇಡ ಕಣೇ. ಮೊಣಕೈ ಒಳಗಡೆ ತಾಗಿಸಿ ನೋಡು. ಅಲ್ಲಿ ಇನ್ನೂ ನೀನು ಬದುಕಿದೀಯ" ಎಂದು ತಾನೇ ಅವಳ ತೋಳು ಹಿಡಿದು ನೀರಿಗೆ ಮುಟ್ಟಿಸಿದ್ದಳು. ನಾರಾಯಣಮ್ಮ ಹೌಹಾರಿ ಕೈ ಎಳೆದುಕೊಂಡು, ಆಮೇಲೆ ಗೊಳ್ಳೆಂದು ನಕ್ಕಿದ್ದಳು.

ಅರವತ್ತೊಂದನೇ ಇಸವಿಯ ಕೊನೆಗೆ ಆಸ್ಪತ್ರೆಗೆ ಹತ್ತು ವರ್ಷ ತುಂಬುವುದಿತ್ತು. ಆ ದಿನ ಸಿಸ್ಟರ ಫೋಟೋವನ್ನು ನಲ್ಲಪ್ಪನವರ ತಾಯಿಯ ಫೋಟೋ ಪಕ್ಕದಲ್ಲೇ ಹಾಕಬೇಕೆಂದು ಕೆಲಸದವರೆಲ್ಲ ಸೇರಿ ಅರ್ಜಿ ಕೊಟ್ಟರು. ಬರೆದವನು ಗಂಗುಲಪ್ಪ. ನಾರಾಯಣಮ್ಮ ಹೆಬ್ಬೆಟ್ಟು ಒತ್ತದೆ, ಜೀವನದಲ್ಲಿ ಮೊದಲ ಸಲ ತನ್ನ ಹೆಸರು ಬರೆದಳು. ನಲ್ಲಪ್ಪನವರು ಒಪ್ಪಿದರು, ಚಿಂತಾಮಣಿಯಿಂದ ಫೋಟೋದವನು ಬಂದು ಹೋದ, ಗೋಡೆಗೆ ಮೊಳೆಯನ್ನೂ ಹೊಡೆದಾಯಿತು.

"ಹಾರ ಬೇರೆ ಹಾಕ್ತಾರೇನೋ! ನಾನಿನ್ನೂ ಸತ್ತಿಲ್ಲ ಕಣ್ರಮ್ಮ" ಎಂದು ಸಿಸ್ಟರು ನಕ್ಕಳು. ಆದರೂ ಆ ಮೊಳೆಯ ಕೆಳಗೆ ಹಾದುಹೋಗುವಾಗ ಒಮ್ಮೆ ತಲೆಯೆತ್ತಿ ನೋಡಿದ್ದನ್ನು ನಾರಾಯಣಮ್ಮ ಕಂಡಿದ್ದಳು.

ಎಂಟು ದಿನ ಉಳಿದಿರುವಾಗ ಹಿಪ್ಪುನೇರಳೆ ತೋಟದ ಚೆನ್ನರಾಯಪ್ಪನ ಸೊಸೆಗೆ ಎಂಟು ತಿಂಗಳಿಗೇ ಹೆರಿಗೆಯಾಯಿತು. ಬೆಳಗಿನ ಕೊರೆಯುವ ಚಳಿ. ಮಗು ಒಂದು ಅಂಗೈಯಷ್ಟಿತ್ತು. ತಾಯಿಗೆ ರಕ್ತ ನಿಲ್ಲದೆ ಸಿಸ್ಟರು ಅವಳ ಬಳಿ ಸಿಕ್ಕಿಬಿದ್ದಿದ್ದಳು. "ನಾರಾಯಣಮ್ಮ, ಸೀಸೆಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಮಗು ಪಕ್ಕದಲ್ಲಿಡು" ಎಂದು ಅಲ್ಲಿಂದಲೇ ಕೂಗಿದಳು.

ನಾರಾಯಣಮ್ಮ ಓಡಿದಳು. ಮಗು ನೀಲಿಗಟ್ಟುತ್ತಿತ್ತು. ಅವಸರದಲ್ಲಿ ಮೊಣಕೈ ನೆನಪಾಗಲಿಲ್ಲ. ಮೂವತ್ತು ವರ್ಷದ ಅಭ್ಯಾಸ, ಬೆರಳು ತಾನಾಗಿ ನೀರಿಗಿಳಿಯಿತು. ಹದವಾಗಿದೆ ಎಂದಿತು ಬೆರಳು. ಅವಳು ನಂಬಿದಳು.

ಒಂದು ಗಂಟೆಯ ಮೇಲೆ ನೋಡಿದರೆ ಸುತ್ತಿದ ಬಟ್ಟೆ ಸಡಿಲಾಗಿ, ಸೀಸೆ ತಾಗಿದ ಪುಟ್ಟ ಪಾದದಲ್ಲಿ ಬೊಬ್ಬೆ ಎದ್ದಿತ್ತು. ಎರಡು ದಿನ ಉಸಿರಾಡಿ ಮಗು ಹೋಯಿತು. ಸುಟ್ಟದ್ದರಿಂದಲೋ, ದಿನ ತುಂಬದೆ ಹುಟ್ಟಿದ್ದರಿಂದಲೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಚೆನ್ನರಾಯಪ್ಪನಿಗೆ ಆ ವಿಚಾರ ಬೇಕಿರಲಿಲ್ಲ. ಅವನು ಮೊಮ್ಮಗನ ಪಾದ ನೋಡಿದ್ದ.

"ಯಾರು ಸೀಸೆ ಮಡಗಿದೋರು? ಹೇಳ್ರೀ!" ಎಂದು ಅವನು ವರಾಂಡದಲ್ಲಿ ನಿಂತು ಕೂಗಿದ.

"ನಾನಪ್ಪ" ಎಂದಳು ಸಿಸ್ಟರು.

ನಾರಾಯಣಮ್ಮ ಬಾಗಿಲ ಹಿಂದೆಯೇ ನಿಂತಿದ್ದಳು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು, ಇಡಲಿಲ್ಲ. ಆ ಹೇಡಿಗೆ ಸಮಾಧಾನವೂ ಆಯಿತು ಎನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಮೇಲೆ ಅಳುತ್ತ ಹೋದವಳಿಗೆ ಸಿಸ್ಟರು ಹೇಳಿದ್ದಿಷ್ಟೇ: "ನೀನು ಬಾಯಿಬಿಟ್ರೆ ನಾಳೆ ಮತ್ತೆ ಬಾಣಲೆ ಮುಂದೆ ಕೂತಿರ್ತೀಯ. ನಂಗಾದ್ರೆ ಇನ್ನೊಂದೂರಲ್ಲಿ ಕೆಲಸ ಸಿಗತ್ತೆ. ಸುಮ್ನಿರು."

ನಾಲ್ಕು ದಿನ ಅವಳು ಸುಮ್ಮನಿದ್ದಳು. ಐದನೆಯ ದಿನ ಗಂಗುಲಪ್ಪ ಸುದ್ದಿ ತಂದ. ಸಿಸ್ಟರನ್ನು ಬರೀ ಬಿಡಿಸುವುದಲ್ಲವಂತೆ. ಇನ್ನೆಲ್ಲೂ ನರ್ಸ್ ಕೆಲಸಕ್ಕೆ ತೆಗೆದುಕೊಳ್ಳಬಾರದೆಂದು ನಲ್ಲಪ್ಪನವರು ಡಾಕ್ಟರ ಕೈಯಲ್ಲಿ ಬೆಂಗಳೂರಿನ ನರ್ಸುಗಳ ಕೌನ್ಸಿಲಿಗೆ ಬರೆಸುತ್ತಾರಂತೆ, ಕಾಗದ ಸಂಜೆಗೆ ಹೋಗುತ್ತದಂತೆ. ನಾರಾಯಣಮ್ಮ ಕೈಯಲ್ಲಿದ್ದ ಬಟ್ಟೆ ಎಸೆದು ನೇರವಾಗಿ ಡಾಕ್ಟರ ಕೋಣೆಗೆ ನುಗ್ಗಿದಳು.

"ಸೀಸೆ ತುಂಬಿದ್ದು ನಾನು ಸ್ವಾಮಿ. ಸಿಸ್ಟ್ರಮ್ಮ ಅಲ್ಲ."

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೀನು ನಾಲ್ಕನೆಯವಳು. ಬೆಳಿಗ್ಗೆ ಗಂಗುಲಪ್ಪ ಬಂದು ನಾನೇ ಅಂದ. ಆಮೇಲೆ ಅಡಿಗೆಯವಳು ಬಂದಳು. ಮುನಿಶಾಮಮ್ಮ ಅವತ್ತು ಕಳವಾರದಲ್ಲಿ ನೆಂಟರ ಮದುವೇಲಿದ್ಲು, ಅವಳೂ ಬಂದು ನಾನೇ ಅಂತಾಳೆ! ನಿಮ್ಮ ಸಿಸ್ಟ್ರ ಮೇಲೆ ನಿಮಗಿರೋ ಪ್ರೀತಿ ನಂಗೆ ಅರ್ಥವಾಗತ್ತಮ್ಮ. ಹೋಗು, ಕೆಲಸ ನೋಡು."

ನಾರಾಯಣಮ್ಮ ತಬ್ಬಿಬ್ಬಾದಳು. ಸುಳ್ಳು ಹೇಳಿದ ಮೂವರೂ ಅವಳ ಸತ್ಯವನ್ನು ಮೊದಲೇ ಖರ್ಚು ಮಾಡಿ ಹೋಗಿದ್ದರು. ಸುತ್ತ ನೋಡಿದಳು. ಮೂಲೆಯ ಸ್ಟೌವಿನ ಮೇಲೆ ಇಂಜೆಕ್ಷನ್ ಸೂಜಿಗಳು ಕೊತಕೊತ ಕುದಿಯುತ್ತಿದ್ದವು. ಅವಳು ಹೋಗಿ ಬೆರಳು ಅದ್ದಿ, ಅವಸರವಿಲ್ಲದೆ ಹುಡುಕಿ, ಒಂದು ಸೂಜಿ ಎತ್ತಿ ಡಾಕ್ಟರ ಮೇಜಿನ ಮೇಲಿಟ್ಟಳು.

ಡಾಕ್ಟರು ಎದ್ದು ನಿಂತರು. ಅವಳ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಮೆಲ್ಲಗೆ ಕೇಳಿದರು: "ನಿನ್ನ ಕೈ ಹೀಗಿರೋದು ಸಿಸ್ಟ್ರಿಗೆ ಗೊತ್ತಿತ್ತಾ?"

ನಂಬಿದರು ಎಂಬ ಖುಷಿಗೆ ಅವಳ ಮುಖ ಅರಳಿತು. "ಗೊತ್ತಿಲ್ದೆ ಏನು ಸ್ವಾಮಿ! ಮೊಣಕೈಲಿ ನೋಡು ಅಂತ ಅವರೇ ಹೇಳ್ಕೊಟ್ಟಿದ್ದು. ನಾನೇ ಪಾಪಿ, ಮರೆತೆ."

ಡಾಕ್ಟರು ಕುರ್ಚಿಯಲ್ಲಿ ಕುಸಿದು ಕೂತರು. "ಹಾಗಾದ್ರೆ ಮುಗೀತಮ್ಮ. ಸಿಸ್ಟ್ರೇ ಇಟ್ಟಿದ್ರೆ ಕೈತಪ್ಪು ಅಂತಾದ್ರೂ ಬರೀಬಹುದು. ಇಂಥ ಕೈಯವಳು ಅಂತ ಗೊತ್ತಿದ್ದೂ ಹಸುಗೂಸಿನ ಹತ್ರ ಬಿಟ್ರು ಅಂತಾದ್ರೆ ಚೆನ್ನರಾಯಪ್ಪ ಪೊಲೀಸರ ಹತ್ರ ಹೋಗ್ತಾನೆ. ನೀನೂ ಹೋಗ್ತೀಯ, ಆಕೆಯೂ ಹೋಗ್ತಾರೆ. ನೀನು ಹೇಳಿದ್ದನ್ನ ನಾನು ಕೇಳಿಲ್ಲ. ಇನ್ಯಾರಿಗೂ ಹೇಳಬೇಡ."

ಕಾಗದ ಸಂಜೆಗೆ ಹೋಯಿತು.

ಮಾರನೆಯ ಬೆಳಿಗ್ಗೆ ಸಿಸ್ಟರು ಗೌರಿಬಿದನೂರಿನ ಅಣ್ಣನ ಮನೆಗೆ ಹೊರಟಳು. ಬಸ್ಸಿನ ಹತ್ತಿರ ಎಲ್ಲರೂ ನೆರೆದಿದ್ದರು. ಕಟ್ಟು ಹಾಕಿಸಿ ಬಂದಿದ್ದ ಫೋಟೋವನ್ನು ಗಂಗುಲಪ್ಪ ಪೇಪರಿನಲ್ಲಿ ಸುತ್ತಿ ತಂದಿದ್ದ. "ಅಣ್ಣನ ಮನೆಯೊಳಗೆ ನಂಗೇ ಜಾಗ ಇದೆಯೋ ಇಲ್ವೋ, ಇದನ್ನೆಲ್ಲಿಡಲಪ್ಪ" ಎಂದು ಅವಳು ತೆಗೆದುಕೊಳ್ಳಲಿಲ್ಲ. ನಾರಾಯಣಮ್ಮ ಕಾಲಿಗೆ ಬಿದ್ದಳು. ಎಬ್ಬಿಸಲು ಹಿಡಿದ ಕೈಯನ್ನು ಸಿಸ್ಟರು ತಿರುಗಿಸಿ ನೋಡಿದಳು. ಬೆರಳ ತುದಿಗಳು ಕೆಂಪಗೆ ಊದಿದ್ದವು.

"ಹೇಳಿಬಿಟ್ಯಾ?" ಎಂದಳು.

ನಾರಾಯಣಮ್ಮ ಹೌದೆಂದು ತಲೆಯಾಡಿಸಿದಳು.

ಸಿಸ್ಟರು ಬೈಯಲಿಲ್ಲ. "ಮೊಣಕೈ ಕಣೇ, ಮೊಣಕೈ" ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ಹತ್ತನೆಯ ವರ್ಷದ ಸಮಾರಂಭ ಹೇಳಿದ ದಿನವೇ ನಡೆಯಿತು. ಮೊಳೆಗೆ ಕ್ಯಾಲೆಂಡರ್ ನೇತುಹಾಕಿದರು. ಅವತ್ತೇ ಒಂದು ಹೆರಿಗೆಯೂ ಆಯಿತು. ನಾರಾಯಣಮ್ಮ ಮಗುವಿನ ನೀರು ತೋಡಿಕೊಂಡು, ಸೆರಗು ಸಿಕ್ಕಿಸಿ, ಮೊಣಕೈ ಒಳಗೆ ಅದ್ದಿದಳು. ಚುರ್ರೆಂದು ಸುಟ್ಟಿತು. ಅವಳು ತೋಳು ತೆಗೆಯಲಿಲ್ಲ. ತಣ್ಣೀರು ತಂದ ಮುನಿಶಾಮಮ್ಮ ಬಿಂದಿಗೆ ಕೆಳಗಿಟ್ಟು, ಅವಳ ಭುಜ ಹಿಡಿದು ಹಿಂದಕ್ಕೆ ಎಳೆಯಬೇಕಾಯಿತು.