ಹೆಸರು ಓದಿ ಅತ್ತವರು

ನಮ್ಮವರು ಕತೆ ಬರೆಯುತ್ತಿದ್ದರು. ಹುನಗುಂದದ ಕೋರ್ಟಿನಲ್ಲಿ ಕಾರಕೂನಿಕೆ. ಹಗಲೆಲ್ಲ ಮಂದಿಯ ಜಗಳ ಬರೆದು ಸಾಲದೆ, ಸಂಜೆ ಮನೆಗೆ ಬಂದು ಹೊಸ ಜಗಳ ಹುಟ್ಟಿಸಿಕೊಂಡು ಬರೆಯುವವರು. ವರ್ಷಕ್ಕೊಂದು ಎರಡು ಕತೆ ವಾರಪತ್ರಿಕೆಯಲ್ಲಿ ಬರುತ್ತಿದ್ದವು, ಕೆಳಗೆ ‘ಹೊಳಬಸಪ್ಪ, ಹುನಗುಂದ’ ಎಂದಿರುತ್ತಿತ್ತು. ಕತೆ ಬರೆಯುವುದಕ್ಕಿಂತ ಅದಕ್ಕೆ ಹೆಸರಿಡಲು ಅವರಿಗೆ ಹೆಚ್ಚು ದಿನ ಬೇಕು. ಹೆತ್ತ ಮಗಳಿಗೆ ಹೆಸರಿಡುವಾಗ ಕೂಡ ಮನುಷ್ಯ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

“ಹೆಸರು ನೋಡೇ ಮಂದಿ ಕತಿ ಹಿಡೀತಾರ ಇಂದ್ರಾ,” ಎನ್ನುತ್ತಿದ್ದರು.

ಅವರಿಗೇನು ಗೊತ್ತು ಮಂದಿ. ನಮ್ಮ ಊರಲ್ಲಿ ಕತೆ ಓದುವವರಿಗಿಂತ ಕತೆಯ ಹೆಸರು ಓದುವವರೇ ಹೆಚ್ಚು. ಹೆಸರು ಓದಿ, ಒಳಗಿನದನ್ನು ತಾವೇ ಬರೆದುಕೊಂಡು, ಪತ್ರಿಕೆ ಮಡಚಿ ಇಡುತ್ತಾರೆ. ‘ಲಂಚ’ ಎಂಬ ಕತೆ ಬಂದಾಗ ಕೋರ್ಟಿನ ಅರ್ಧ ಮಂದಿ ಇವರ ಜೊತೆ ಮಾತು ಬಿಟ್ಟರು. ಕತೆಯಲ್ಲಿದ್ದುದು ಪರೀಕ್ಷೆ ಪಾಸಾಗಲೆಂದು ಹುಡುಗನೊಬ್ಬ ದೇವರಿಗೆ ಹರಕೆ ಹೊತ್ತ ಕಾಯಿ. ‘ಎರಡನೆಯ ಹೆಂಡತಿ’ ಬಂದಾಗ ಓಣಿಯ ಹೆಂಗಸರು ನನಗೆ ಸಮಾಧಾನ ಹೇಳಲು ಬಂದಿದ್ದರು. ಆ ಎರಡನೆಯ ಹೆಂಡತಿ ದರ್ಜಿ ಮಲೀಕಸಾಬನ ಹೊಲಿಗೆ ಮಷಿನ್ನು. ನಕ್ಕು ಮರೆತೆವು.

ಮೂರನೆಯ ಸಲ ನಗುವಂತಿರಲಿಲ್ಲ. ಎಪ್ಪತ್ನಾಲ್ಕರಲ್ಲಿ ಬರೆದ ಕತೆಗೆ ಇವರು ಇಟ್ಟ ಹೆಸರು ‘ಅವ್ವ ತೀರಿಕೊಂಡಳು’. ಅವ್ವ, ಅಂದರೆ ನನ್ನ ಅತ್ತೆ ಗುರುಲಿಂಗವ್ವ, ಆಗ ಗುಂಡುಕಲ್ಲಿನ ಹಾಗೆ ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರು.

“ಬದುಕಿದ್ದ ಅವ್ವನ್ನ ಹಿಂಗ ಛಾಪಸ್ತಾರೇನ್ರಿ? ಹೆಸರು ಬದಲಿ ಮಾಡ್ರಿ,” ಎಂದೆ.

“ಕತ್ಯಾಗ ಮುದುಕಿ ಸಾಯೂದೇ ಇಲ್ಲ. ಓದು ನೀ.”

ಖರೆ, ಸಾಯುವುದಿಲ್ಲ. ಮುದುಕಿಯೊಬ್ಬಳ ತಲೆಗೆ ಕಾಗೆ ಬಡಿಯುತ್ತದೆ. ಅಪಶಕುನ ಕಳೆಯಲೆಂದು ಮನೆಯವರು ಅವಳು ಸತ್ತಳೆಂದು ಬೀಗರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ಬೀಗರು ಅತ್ತರೆ ಗಂಡಾಂತರ ಹೋಯಿತು, ಆಯುಷ್ಯ ಹೆಚ್ಚಾಯಿತು ಎಂಬುದು ನಮ್ಮ ಕಡೆಯ ನಂಬಿಕೆ. ಎರಡನೆಯ ಪುಟದಲ್ಲೇ ಮುದುಕಿ ಎದ್ದು ಚಹಾ ಕೇಳುತ್ತಾಳೆ. ಆದರೆ ಎರಡನೆಯ ಪುಟದವರೆಗೆ ಹೋಗುವವರು ಯಾರು?

ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಮಾರುವ ಹುಸೇನಪೀರ ಹೋಗಲಿಲ್ಲ. ಮಾರುವವನು ಒಳಗೆಲ್ಲ ಓದುತ್ತ ಕೂತರೆ ವ್ಯಾಪಾರ ಯಾವಾಗ ಮಾಡಬೇಕು? ಅವನು ಕತೆಯ ಹೆಸರು ಓದಿದ, ಕೆಳಗಿನ ಹೆಸರು, ಊರು ಓದಿದ, ನೇರ ಹೋಗಿ ನಮ್ಮವರ ಅಕ್ಕ, ಓದು ಬಾರದ ಶಿವಬಸವ್ವನಿಗೆ ಹೇಳಿದ: “ನಿಮ್ಮ ತಮ್ಮ ಪೇಪರಿನ್ಯಾಗ ಹಾಕ್ಯಾನ್ರಿ, ನಿಮ್ಮವ್ವ ತೀರಿಕೊಂಡಾಳ.”

ಶಿವಬಸವ್ವ ನಮ್ಮ ಹೊಸ್ತಿಲು ತುಳಿಯದೆ ಹತ್ತು ವರ್ಷವಾಗಿತ್ತು. ತನ್ನ ಮಗಳನ್ನು ತಮ್ಮನಿಗೇ ಕೊಡಬೇಕೆಂದು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತಂತೆ. ಇವರು ಅಕ್ಕನ ಮಗಳನ್ನು ಬಿಟ್ಟು ಇಳಕಲ್ಲಿನಿಂದ ನನ್ನನ್ನು ತಂದರು. ಅವ್ವ ಮಗನ ಕಡೆ ನಿಂತರು. “ನೀ ಸತ್ರೂ ಬರಾಂಗಿಲ್ಲ,” ಎಂದು ಹೋದವಳು ಹಬ್ಬಕ್ಕೂ ಬರಲಿಲ್ಲ, ಬೇನೆಗೂ ಬರಲಿಲ್ಲ. ಅತ್ತೆ ಅವಳ ಹೆಸರು ಎತ್ತುತ್ತಿರಲಿಲ್ಲ. ಆದರೆ ಬಾದಾಮಿ ಬಸ್ಸಿನ ಹೊತ್ತಿಗೆ ಕಟ್ಟೆಗೆ ಬಂದು ಕೂಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಆ ಜಗಳಕ್ಕೆ ನಾನೇ ಕಾರಣ ಎಂಬುದು ನನಗೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ಓಣಿಯ ತುದಿಯಿಂದಲೇ ಅಳು ಕೇಳಿಸಿತು. ಹಾಡಿಕೊಂಡು, ಎದೆ ಬಡಿದುಕೊಂಡು ಅಳುವ ಅಳು. ಬಂದವಳು ಶಿವಬಸವ್ವ, ಕಂಕುಳಲ್ಲಿ ಹೆಣಕ್ಕೆ ಹೊದಿಸಲು ತಂದ ಹೊಸ ಇಳಕಲ್ ಸೀರೆ, ಕೆಂಪು ಸೆರಗಿನದು. ಅತ್ತೆ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು.

“ಯಾರು ಹೋದ್ರು ಶಿವಬಸೀ? ಯಾಕ ಅಳಾಕತ್ತಿ?” ಎಂದರು.

ಅವಳು ನಿಂತಲ್ಲೇ ನಿಂತಳು. ಆಮೇಲೆ ಬಂದು ಅವ್ವನ ಗಲ್ಲ, ಕಿವಿ, ತೋಳು ಎಲ್ಲ ಮುಟ್ಟಿ ನೋಡಿ ಮತ್ತೆ ಅತ್ತಳು. ಈ ಸಲ ಹಾಡಿರಲಿಲ್ಲ, ಬರೀ ಅಳು. ಅತ್ತೆಯೂ ಅತ್ತರು. ಸಂಗತಿ ತಿಳಿದ ಮೇಲೆ ಇಬ್ಬರೂ ಕೂಡಿ ನಮ್ಮವರಿಗೆ ಬಾಯಿಗೆ ಬಂದಂತೆ ಬೈದರು. ಅವರು ಬೈಸಿಕೊಳ್ಳುತ್ತ ನಗುತ್ತಿದ್ದರು. ಹತ್ತು ವರ್ಷದ ಸಿಟ್ಟು ಒಂದು ಹೆಸರಿಗೆ ಕರಗಿತ್ತು.

ಮರುದಿನ ಅತ್ತೆ ಆ ಸೀರೆಯನ್ನೇ ಉಟ್ಟರು. “ಹೆಣದ ಸೀರಿ ಬ್ಯಾಡ್ರಿ,” ಎಂದರೆ ಕೇಳಲಿಲ್ಲ. “ಮಗಳು ತಂದಾಳ. ಉಡೂದು ಬಿಟ್ಟು ಸಾಯೂತನಕ ಇಡ್ಲೇನು?” ಎಂದರು. ಶಿವಬಸವ್ವ ಬಸ್ಸು ಹತ್ತುವಾಗ ಅತ್ತೆ ಒಂದು ಮಾತು ಹೇಳಿದರು: “ಲಗೂ ಲಗೂ ಬರತಿರು. ಬರದಿದ್ರ ಮತ್ತ ತಮ್ಮನ ಕಡಿಂದ ಸತ್ತೇನಂತ ಬರಸ್ತೇನಿ.” ಎಲ್ಲರೂ ನಕ್ಕೆವು.

ಆಮೇಲೆ ಅವಳು ಬಂದು ಹೋಗಿ ಮಾಡಿದಳು. ಎರಡನೆಯ ವರ್ಷದ ಚಳಿಗಾಲಕ್ಕೆ ಅತ್ತೆಗೆ ಜ್ವರ ಹಿಡಿದು ಎದೆಗೆ ಇಳಿಯಿತು. ದವಾಖಾನೆಯ ಔಷಧ ಹತ್ತಲಿಲ್ಲ. “ಶಿವಬಸೀನ ಕರಸು. ಅಕಿ ಕೈಲೆ ಒಂದು ಗುಟುಕು ನೀರು ಕುಡೀಬೇಕು,” ಎಂದು ಒಂದೇ ಸಮ ಹೇಳತೊಡಗಿದರು. ನೀವೇ ಹೋಗಿ ಕರೆತನ್ನಿ ಎಂದು ನಾನು ಇವರಿಗೆ ಗಂಟು ಬಿದ್ದೆ. ಕೋರ್ಟು ಬಿಡುವಂತಿಲ್ಲ ಎಂದು ಇವರು ಕಾರ್ಡು ಬರೆದರು: ಅವ್ವಗ ಭಾಳ ಜಡ್ಡಾಗಿದೆ, ಕೂಡಲೇ ಬಾ. ಬಾದಾಮಿ ಬಸ್ಸು ಬರುತ್ತಿತ್ತು, ಅವಳು ಇಳಿಯುತ್ತಿರಲಿಲ್ಲ. ಪ್ರತಿ ಸಲ ಹಾರ್ನು ಕೇಳಿದಾಗ ಅತ್ತೆ ಕಣ್ಣು ತೆರೆದು ಬಾಗಿಲು ನೋಡುತ್ತಿದ್ದರು.

ಒಂದು ನಸುಕಿನಲ್ಲಿ ಹೋಗಿಬಿಟ್ಟರು. ಪೋಸ್ಟು ತೆರೆದ ಕೂಡಲೇ ಇವರು ತಾರು ಕೊಟ್ಟರು: ಅವ್ವ ತೀರಿಕೊಂಡಳು. ಕತೆಗೆ ಹೆಸರಿಡಲು ವಾರಗಟ್ಟಲೆ ಕೂಡುವ ಮನುಷ್ಯನಿಗೆ ಅವತ್ತು ಬೇರೆ ಮಾತು ಸಿಗಲಿಲ್ಲ. ಸಂಜೆಯ ಬಸ್ಸಿನವರೆಗೆ ಹೆಣ ಇಟ್ಟುಕೊಂಡು ಕೂತೆವು. ಬಸ್ಸು ಬಂದು ಹೋಯಿತು. ಇನ್ನು ಇಡುವಂತಿಲ್ಲ ಎಂದು ಹಿರಿಯರು ಎದ್ದರು, ಮಣ್ಣು ಮಾಡಿ ಬಂದೆವು.

ಮರುದಿನ ಇಬ್ಬರೂ ಬಾದಾಮಿಗೆ ಹೋದೆವು.

ಶಿವಬಸವ್ವ ಅಡುಗೆಮನೆಯಿಂದಲೇ ನಗುತ್ತ ಬಂದಳು. ಕೈಗೆ ಬೆಲ್ಲ ಮೆತ್ತಿತ್ತು.

“ಬಂದ್ಯಾ ಕತಿಗಾರಾ? ಮದ್ಲ ಕಾರ್ಡು, ಆಮ್ಯಾಲ ತಾರು. ಹುಸೇನಪೀರ ಓದಿದ ಕೂಡ್ಲೇ ಅಂದೆ, ಇದು ನಮ್ಮವ್ವಂದೇ ಆಟ ಅಂತ. ಒಮ್ಮಿ ಅತ್ತು ಬಂದು ಮಂದಿ ಕೈಲೆ ನಗಿಸಿಕೊಂಡೇನಿ, ಇನ್ನ ಬೀಳಾಂಗಿಲ್ಲ. ಸೋಮವಾರ ಬರ್ತೇನಂತ ಹೇಳು. ಅಕಿಗೇ ಅಂತ ಶೇಂಗಾ ಹೋಳಿಗಿ ಮಾಡಾಕತ್ತೇನಿ.”

ಇವರು ನೆಲ ನೋಡುತ್ತ ನಿಂತರು. ಬರೆಯುವವರಂತೆ, ಬರೆಯುವವರು. ಹೇಳಬೇಕಾದ ಹೊತ್ತಿಗೆ ಹೇಳಲಿಲ್ಲ. ನಾನೇ ಹೇಳಿದೆ: “ಅಕ್ಕಾರ, ನಿನ್ನಿ ಸಂಜಿಕ ಮಣ್ಣು ಮಾಡಿದ್ವಿ.”

“ನೀನೂ ಕಲತ್ಯಾ ಇವನ ಆಟ?” ಎಂದು ಇನ್ನೂ ನಕ್ಕಳು.

ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಗಂಟು ಬಿಚ್ಚಿ, ಅತ್ತೆಯ ಲಿಂಗದ ಬೆಳ್ಳಿ ಕರಡಿಗೆಯನ್ನು ಅವಳ ಅಂಗೈಯಲ್ಲಿಟ್ಟೆ. ಮಗಳಿಗೆ ಕೊಡಬೇಕೆಂದು ಅವರೇ ಹೇಳಿದ್ದರು. ಲಿಂಗವಂತರ ಮನೆಯ ಹೆಣ್ಣಿಗೆ ಇದರ ಮೇಲೆ ಹೇಳುವುದು ಏನೂ ಇಲ್ಲ. ಜೀವವಿದ್ದವರ ಕೊರಳಿನಿಂದ ಅದು ಇಳಿಯುವುದಿಲ್ಲ. ಅವಳು ಮುಚ್ಚಳ ತೆಗೆದು ನೋಡಿದಳು. ಒಳಗಿನ ಲಿಂಗ ಅತ್ತೆಯ ಕೈಯಲ್ಲಿ ಅವರ ಜೊತೆಗೇ ಮಣ್ಣಿಗೆ ಹೋಗಿತ್ತು.

ಸುಳ್ಳು ಸಾವಿಗೆ ಓಣಿ ತುಂಬ ಅತ್ತವಳು ಈಗ ಅಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೆಳಗೆ ಕೂತಳು. ಒಳಗೆ ಹಂಚಿನ ಮೇಲಿನ ಹೋಳಿಗೆ ಸುಟ್ಟ ವಾಸನೆ ಬರುತ್ತಿತ್ತು, ಯಾರೂ ಏಳಲಿಲ್ಲ.

“ಯಾವ ಸೀರಿ ಉಡಿಸಿದ್ರಿ?” ಎಂದಳು.

“ನೀವು ತಂದಿದ್ದು.”

“ನೀರು?”

“ನಾನೇ ಹಾಕಿದೆ ಅಕ್ಕಾರ. ಕಡೀಕ ಕಣ್ಣು ಕಾಣತಿದ್ದಿಲ್ಲ ಅವರಿಗೆ. ಶಿವಬಸೀ ಬಂದಾಳ, ಅಕೀನೇ ಹಾಕಾಕತ್ತಾಳ ಅಂತ ಹೇಳಿದೆ.”

“ನಂಬಿದ್ಲೇನು?”

“ನಂಬಿದ್ರು,” ಎಂದೆ. “ನಿಮ್ಮ ಹೆಸರು ಹೇಳೂತನಕ ಬಾಯಿ ತೆರೆದಿದ್ದಿಲ್ಲ. ಹೇಳಿದ ಮ್ಯಾಲ ಕುಡದ್ರು.”