ಚೈನು ಬೀಳದ ಸೈಕಲ್ಲು

ಹೊನ್ನೂರಪ್ಪನ ಸೈಕಲ್ಲಿನ ಚೈನು ಬೀಳುವುದಕ್ಕೆ ಸಿಂಧನೂರಿನಲ್ಲಿ ನಾಲ್ಕು ಖಾಯಂ ಜಾಗಗಳಿದ್ದವು. ಮನೆ ಬಿಟ್ಟ ಕೂಡಲೇ ಕಾಲುವೆ ಸೇತುವೆಯ ಏರಿನಲ್ಲಿ ಒಂದು ಸಲ, ಅಕ್ಕಿ ಮಿಲ್ಲಿನ ಗೇಟಿನೆದುರು ರಸ್ತೆ ಹಂಪಿನ ಮೇಲೆ ಒಂದು ಸಲ, ದೊಡ್ಡ ಸರ್ಕಲ್ಲಿನಲ್ಲಿ ಹಿಂದಿನಿಂದ ಲಾರಿಯವನು ಹಾರ್ನು ಒತ್ತಿದಾಗ ಒಂದು ಸಲ, ಬಸ್‌ಸ್ಟ್ಯಾಂಡಿನ ಗೇಟಿನ ಗುಂಡಿಯಲ್ಲಿ ಇನ್ನೊಂದು ಸಲ. ಇವನ್ನು ಬಿಟ್ಟು ಐದನೆಯ ಸಲ ಬಿದ್ದರೆ ಅದು ಸೈಕಲ್ಲಿನ ಮರ್ಜಿ. ಹದಿನೈದು ವರ್ಷದಿಂದ ಮಿಲ್ಲಿನಲ್ಲಿ ಹಮಾಲಿ ಮಾಡಿ ಎಂಥೆಂಥ ಚೀಲವನ್ನೋ ಬೆನ್ನ ಮೇಲೆ ಪಳಗಿಸಿದವನಿಗೆ ಈ ಬಡಕಲು ಸೈಕಲ್ಲು ಮಾತ್ರ ಪಳಗಲಿಲ್ಲ.

ಅಸಲಿಗೆ ಅದು ಅವನದಲ್ಲ, ಮಗಳು ಅಶ್ವಿನಿಯದು. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಸರ್ಕಾರದಿಂದ ಬಂದ ನೀಲಿ ಬಣ್ಣದ ಹುಡುಗಿಯರ ಸೈಕಲ್ಲು. ಹೋದ ವರ್ಷ ಅವನ ಹಳೆಯ ಸೈಕಲ್ಲು ನಡು ಮುರಿದುಕೊಂಡ ಮೇಲೆ ಮಗಳು, ನಾನು ನಡೆದು ಹೋಗುತ್ತೇನೆ ನೀ ಇದನ್ನು ಇಟ್ಟುಕೋ ಎಂದು ಬಿಟ್ಟುಕೊಟ್ಟಿದ್ದಳು. ಎತ್ತರದ ಆಳು, ಪೆಡಲು ತುಳಿದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಅವನು ಗೇಟಿಗೆ ಬಂದನೆಂದರೆ ಸಾಕು, ಜೊತೆಯ ಹಮಾಲಿ ಬೀರಲಿಂಗ ಎಲ್ಲರಿಗೂ ಕೇಳುವ ಹಾಗೆ, "ಅಕ್ಕಾರು ಬಂದ್ರು, ದಾರಿ ಬಿಡ್ರಿ" ಅನ್ನುತ್ತಿದ್ದ.

ಸೈಕಲ್ಲು ಬದಲಾದರೂ ಹೊನ್ನೂರಪ್ಪನ ಒಂದು ರೂಢಿ ಬದಲಾಗಿರಲಿಲ್ಲ. ಚೀಲ ಹೊರುವವನಿಗೆ ಅಂಗಿ ಮೈಮೇಲೆ ಇರುವುದಿಲ್ಲ. ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬು ಯಾವತ್ತಿದ್ದರೂ ಊರ ಜೇಬು. ಹಾಗಾಗಿ ಅವನ ಬೀರು, ತಿಜೋರಿ ಎಲ್ಲ ಸೈಕಲ್ಲಿನ ಸೀಟ್ ಕವರಿನ ಒಳಗೇ. ರೇಷನ್ ಚೀಟಿ, ಆಸ್ಪತ್ರೆ ಚೀಟಿ, ಫೋನ್ ನಂಬರಿನ ಚೀಟಿ, ಯಾವುದನ್ನಾದರೂ ಪ್ಲಾಸ್ಟಿಕ್ಕಿನಲ್ಲಿ ಮಡಚಿ ಕವರಿನಡಿ ತುರುಕಿ ಮೇಲೆ ತಾನೇ ಕೂತುಬಿಟ್ಟರೆ, ಇದಕ್ಕಿಂತ ಭದ್ರ ಯಾವ ಬ್ಯಾಂಕು?

ಅವತ್ತು ಆ ಕವರಿನಡಿ ಇದ್ದದ್ದು ಅಶ್ವಿನಿಯ ಟಿ.ಸಿ.

ಪಿಯುಸಿ ಪಾಸಾಗಿ ಲಿಂಗಸುಗೂರಿನಲ್ಲಿ ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಆವತ್ತೇ ಕಡೆಯ ದಿನ. ಸಂಜೆ ನಾಲ್ಕರೊಳಗೆ ಅಸಲು ಟಿ.ಸಿ. ಕೈಗೆ ಕೊಡದಿದ್ದರೆ ಸೀಟು ಮುಂದಿನವರಿಗೆ ಎಂದು ಫೋನ್ ಮಾಡಿ ಹೇಳಿದ್ದರು. ಹಳೆಯ ಕಾಲೇಜಿನ ಗುಮಾಸ್ತ ಮೂರು ದಿನ ಓಡಾಡಿಸಿ ಆ ಬೆಳಿಗ್ಗೆ ಹನ್ನೊಂದಕ್ಕೆ ಸಹಿ ಮಾಡಿಸಿ ಕೊಟ್ಟು, ಇದು ಒಂದೇ ಸಲ ಕೊಡುವ ಕಾಗದ ಮಾರಾಯ, ಕಳೆದರೆ ನನ್ನ ಹತ್ತಿರ ಬರಬೇಡ ಎಂದು ಎರಡು ಸಲ ಹೇಳಿ ಕಳಿಸಿದ್ದ. ಹನ್ನೆರಡೂವರೆಯ ಬಸ್ಸಿಗೆ ಅಶ್ವಿನಿ ಹೋಗಬೇಕು. ಮಸ್ಕಿ ಮೇಲೆ ಹಾದು ಲಿಂಗಸುಗೂರು ಮುಟ್ಟಲು ಒಂದೂವರೆ ತಾಸು, ಆಮೇಲೆ ಅಲ್ಲಿ ಪಾಳಿ. ಅವಳು ಉಳಿದ ಕಾಗದಗಳ ಫೈಲು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಆಗಲೇ ನಿಂತಿದ್ದಳು.

ಹೊನ್ನೂರಪ್ಪ ದಾರಿಯಲ್ಲಿ ಮಿಲ್ಲಿಗೆ ಹೋದ. ಮಧ್ಯಾಹ್ನ ತನಗೆ ಬರಲಾಗುವುದಿಲ್ಲ, ತನ್ನ ಪಾಲಿನ ಚೀಲ ಬೀರಲಿಂಗ ಹೊರುತ್ತಾನೆ ಎಂದು ಮಿಲ್ಲಿನವರಿಗೆ ಹೇಳಬೇಕಿತ್ತು. ಗೋಡೆಯ ಹತ್ತಿರ ಬೇವಿನ ಮರದ ಕೆಳಗೆ ಸೈಕಲ್ಲು ನಿಲ್ಲಿಸಿ ಕೀಲಿ ಹಾಕಿ ಒಳಗೆ ಹೋದ. ಐದು ನಿಮಿಷದ ಮಾತು ಇಪ್ಪತ್ತು ನಿಮಿಷವಾಯಿತು. ಹೊರಬಂದವನೇ ಚಾವಿ ತಿರುವಿದ, ಕೀಲಿ ಟಕ್ಕೆಂದು ತೆರೆಯಿತು, ಹತ್ತಿ ಹೊರಟ.

ಮೊದಲ ಸೋಜಿಗ ಮಿಲ್ಲಿನ ಹಂಪಿನ ಮೇಲೆಯೇ. ಚೈನು ಬೀಳಲಿಲ್ಲ. ರೂಢಿಯಂತೆ ಒಂದು ಕಾಲು ನೆಲಕ್ಕೆ ಊರಲು ತಯಾರಾಗಿದ್ದವನು ಹಾಗೆಯೇ ಮುಂದೆ ಉರುಳಿದ. ಮಗಳ ಪುಣ್ಯ ಅಂದುಕೊಂಡ. ರಸ್ತೆಯ ಅರ್ಧದಷ್ಟು ಯಾರೋ ಭತ್ತ ಒಣಹಾಕಿದ್ದರು. ಉಳಿದ ಅರ್ಧದಲ್ಲಿ ಆಟೋಗಳು, ಟ್ರ್ಯಾಕ್ಟರುಗಳು, ನಡುವೆ ಇವನು. ಸರ್ಕಲ್ಲಿನಲ್ಲಿ ಲಾರಿಯವನು ಕಿವಿ ಹರಿಯುವ ಹಾಗೆ ಹಾರ್ನು ಒತ್ತಿದ. ಆಗಲೂ ಬೀಳಲಿಲ್ಲ. ಇದು ಹೊನ್ನೂರಪ್ಪನಿಗೆ ಸರಿ ಕಾಣಲಿಲ್ಲ. ಸುಖ ಅನ್ನುವುದು ಕೂಡ ಅಭ್ಯಾಸ ಇಲ್ಲದವನಿಗೆ ಹೀಗೆ ಒಮ್ಮೆಲೇ ಬಂದರೆ ಅಂಜಿಕೆಯೇ. ಮೊಣಕಾಲು ಇವತ್ತು ಹ್ಯಾಂಡಲ್ಲಿಗೆ ಬಡಿಯುವ ಬದಲು ಎದೆಗೇ ಬಡಿಯುತ್ತಿದೆಯಲ್ಲ, ಸೀಟು ತಗ್ಗಿಗೆ ಇಳಿಯಿತೋ ತಾನೇ ಬೆಳೆದೆನೋ ಎಂದು ಯೋಚಿಸುತ್ತ ಬಸ್‌ಸ್ಟ್ಯಾಂಡಿನ ಗುಂಡಿ ದಾಟಿದ. ಅಲ್ಲಿಯೂ ಬೀಳಲಿಲ್ಲ.

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲೆ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಶ್ವಿನಿ ಕೈ ಎತ್ತಿ ಕರೆದಳು. ಹನ್ನೆರಡು ಗಂಟೆ ಐದು ನಿಮಿಷ. ಹೊನ್ನೂರಪ್ಪ ಠೀವಿಯಿಂದ ಸ್ಟ್ಯಾಂಡು ಹಾಕಿ, ಸೀಟ್ ಕವರು ಎತ್ತಿ, ಒಳಗೆ ಕೈ ಹಾಕಿ ಪ್ಲಾಸ್ಟಿಕ್ಕಿನ ಗಂಟು ತೆಗೆದು ಮಗಳ ಕೈಗೆ ಕೊಟ್ಟ.

ಅವಳು ಬಿಚ್ಚಿದಳು. ಒಳಗೆ ಬಿ.ಪಿ. ಗುಳಿಗೆಯ ಒಂದು ಹಾಳೆ, ಎರಡು ಲವಂಗ, ಒಂದು ಸೇಫ್ಟಿ ಪಿನ್ನು.

"ಯಪ್ಪಾ, ಇದೇನಿದು?"

ಹೊನ್ನೂರಪ್ಪ ಗುಳಿಗೆಯನ್ನು ನೋಡಿದ, ಮಗಳನ್ನು ನೋಡಿದ, ಮತ್ತೆ ಕವರಿನೊಳಗೆ ಕೈ ಹಾಕಿ ಸೀಟಿನ ಸ್ಪಂಜನ್ನೆಲ್ಲ ತಡಕಿದ. ಟಿ.ಸಿ. ಇಟ್ಟವನು ತಾನೇ. ಇಟ್ಟ ಮೇಲೆ ಕೂತವನೂ ತಾನೇ. ಕಾಗದ ಕಾವಿಗೆ ಕರಗಿತು ಅಂದರೂ ಗುಳಿಗೆ ಆಗಲಿಕ್ಕೆ ಸಾಧ್ಯವಿಲ್ಲ, ಅದೂ ಲವಂಗದ ಸಮೇತ. ಆ ಗುಮಾಸ್ತನೇ ಕೊಡುವಾಗ ಗಂಟು ಬದಲಿಸಿದನೇನೋ ಎಂದು ಬೈಯತೊಡಗಿದ. ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು ನೀನೋ ಗುಮಾಸ್ತನೋ ಎಂದು ಮಗಳು ಕೇಳಿದಳು. ನಾನೇ, ಎಂದ. ಹಾಗಾದರೆ ಅವರನ್ನು ಯಾಕೆ ಬೈಯುತ್ತೀ ಎಂದು ಕೇಳಿದಳು. ಯಾರೋ ಕದ್ದು ಬೇರೆ ಇಟ್ಟಿರಬೇಕು ಎಂದ, ಟಿ.ಸಿ. ಕದ್ದು ಲವಂಗ ಇಟ್ಟು ಹೋಗುವ ಕಳ್ಳ ಯಾವ ಊರಿನವನು ಎನ್ನುವಾಗ ಅವಳ ದನಿ ಆಗಲೇ ಒಡೆದಿತ್ತು. ಬೇರೆ ಯಾವುದೋ ಸೈಕಲ್ಲು ತಂದಿರಬೇಕು ನೀನು, ಎಂದಳು.

"ಹುಚ್ಚಿ ಅದಿ ಏನು? ನನ್ನ ಚಾವಿ, ಕೀಲಿ ತಗೀತು. ಕೀಲಿ ತಗೀತು ಅಂದಮ್ಯಾಲ ಸೈಕಲ್ಲು ನಂದ ಹೌದಲ್ಲ?"

ತಂದೆ ಮಗಳು ಇಬ್ಬರೂ ನಿಂತು ಸೈಕಲ್ಲನ್ನು ನೋಡಿದರು. ಅದು ನೀಲಿಯಾಗಿ, ಸುಮ್ಮನೆ, ಯಾವ ತಪ್ಪೂ ಮಾಡದಂತೆ ನಿಂತಿತ್ತು.

ಹೋದ ವಾರ ಸೀಟ್ ಕವರು ಹಾಕಿಕೊಟ್ಟವನು ಸೈಕಲ್ ರಿಪೇರಿಯ ಮೌಲಾಸಾಬ್. ಅವನ ಅಂಗಡಿ ಬಸ್‌ಸ್ಟ್ಯಾಂಡಿನ ಗೇಟಿನಲ್ಲೇ. ಕವರಿಗೆ ಎರಡು ಪದರ ಏನಾದರೂ ಇದೆಯೋ, ಕಾಗದ ಒಳಪದರಕ್ಕೆ ಜಾರಿತೋ ಎಂದು ಕೇಳಲು ಹೊನ್ನೂರಪ್ಪ ಸೈಕಲ್ಲು ತಳ್ಳಿಕೊಂಡು ಓಡಿದ. ಮೌಲಾಸಾಬ್ ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡು, ತಲೆ ಎತ್ತದೆ ಕೈಯಿಂದಲೇ ಹಿಂದಿನ ಗಾಲಿಯನ್ನು ಒಂದು ಸುತ್ತು ತಿರುಗಿಸಿದ. ಗಾಲಿ ಸದ್ದಿಲ್ಲದೆ ತಿರುಗಿತು.

"ಇದು ನಿಂದಲ್ಲಲೇ ಹೊನ್ನೂರ. ಮೈಮುನಾಬಿದು. ಮೊನ್ನೆ ನಾನ ಹೊಸಾ ಚೈನು ಹಾಕೀನಿ."

ಮೈಮುನಾಬಿ ಅದೇ ಮಿಲ್ಲಿನಲ್ಲಿ ನುಚ್ಚು ಜರಡಿ ಹಿಡಿಯುವವಳು. ಅವಳ ಮಗಳಿಗೂ ಅದೇ ಎಂಟನೇ ಕ್ಲಾಸಿನಲ್ಲಿ ಅದೇ ನೀಲಿ ಸೈಕಲ್ಲು ಬಂದಿತ್ತು. ಮಗಳು ಮದುವೆಯಾಗಿ ಮಸ್ಕಿಗೆ ಹೋದ ಮೇಲೆ ತಾಯಿ ಅದನ್ನು ತುಳಿದುಕೊಂಡು ಬಂದು ಅದೇ ಬೇವಿನ ಮರದ ಕೆಳಗೆ ನಿಲ್ಲಿಸುತ್ತಿದ್ದಳು. ಅಶ್ವಿನಿ ಬಗ್ಗಿ ಬೆಲ್ಲಿನ ಹಿಂಭಾಗ ನೋಡಿದಳು. ಎಂಟನೇ ಕ್ಲಾಸಿನಲ್ಲಿ ಒಂದೇ ದಿನ ನಲವತ್ತು ಸೈಕಲ್ಲು ಬಂದಾಗ ಗುರುತಿಗೆಂದು ಅವಳು ಅಲ್ಲಿ ಉಗುರುಬಣ್ಣದ ಕೆಂಪು ಬೊಟ್ಟು ಇಟ್ಟಿದ್ದಳು. ಇದರಲ್ಲಿ ಬೊಟ್ಟು ಇರಲಿಲ್ಲ. ಅಂಥದೊಂದು ಬೊಟ್ಟು ಇತ್ತೆಂಬುದೇ, ವರ್ಷದಿಂದ ಆ ಬೆಲ್ಲು ಹೊಡೆಯುತ್ತಿದ್ದ ಹೊನ್ನೂರಪ್ಪನಿಗೆ ಗೊತ್ತಿರಲಿಲ್ಲ.

"ಆದ್ರ ಕೀಲಿ ತಗೀತಲ್ಲೋ ಮಾಮಾ?" ಎಂದ ಹೊನ್ನೂರಪ್ಪ.

ಮೌಲಾಸಾಬ್ ಕೈ ಒರೆಸಿಕೊಂಡ. ಆಮೇಲೆ ಹೇಳಿದ್ದು ಇಷ್ಟು. ಹಿಂದೊಮ್ಮೆ ಅವನು ಒಂದು ಪೆಟ್ಟಿಗೆ ಕೀಲಿ ತರಿಸಿದ್ದಾಗ ಎಲ್ಲದರ ಚಾವಿಯೂ ಒಂದೇ ನಮೂನೆ ಬಂದಿತ್ತು. ಮೋಸವಾಯಿತು ಅಂದುಕೊಂಡ. ಆದರೆ ಚಾವಿ ಕಳೆದುಕೊಂಡವರು ಸೈಕಲ್ಲು ಹೊತ್ತುಕೊಂಡು ಬಂದಾಗ, ಕೀಲಿ ಒಡೆಯುವ ಕೆಲಸವೇ ಇಲ್ಲದೆ ತನ್ನ ಚಾವಿಯಿಂದ ತೆರೆದುಕೊಡತೊಡಗಿದ. ಇದು ಬಹಳ ಅನುಕೂಲ ಅನ್ನಿಸಿತು. ಅಂದಿನಿಂದ ಬೇಕೆಂದೇ ಅದೇ ನಂಬರಿನವನ್ನು ತರಿಸಿ ಹಾಕುತ್ತ ಬಂದ. ಊರಿನಲ್ಲಿ ಹತ್ತಿರ ಹತ್ತಿರ ಇನ್ನೂರು ಸೈಕಲ್ಲಿಗೆ ಒಂದೇ ಚಾವಿ. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

"ಹನ್ನೆರಡು ವರ್ಷ ಆತು, ಒಂದ ಸೈಕಲ್ಲು ಕಳುವಾಗಿಲ್ಲ," ಎಂದ, ಅದೇ ತನ್ನ ಸಮರ್ಥನೆ ಎಂಬಂತೆ.

ಹೊನ್ನೂರಪ್ಪ ತನ್ನ ಕೈಯಲ್ಲಿನ ಚಾವಿ ನೋಡಿದ. ಇಷ್ಟು ದಿನ ಸೊಂಟದ ದಾರಕ್ಕೆ ಕಟ್ಟಿಕೊಂಡು ಕಾಪಾಡಿದ ಚಾವಿ. ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ. ಹನ್ನೆರಡು ಹದಿನೇಳು. ಮೌಲಾಸಾಬನೇ ಫೋನ್ ಹಚ್ಚಿ ದನಿ ಜೋರು ಮಾಡಿ ಹಿಡಿದ. ಆ ಕಡೆ ಬಸ್ಸಿನ ಸದ್ದು. ಮೈಮುನಾಬಿ ಮಸ್ಕಿಗೆ ಮಗಳನ್ನು ನೋಡಲು ಹೊರಟಿದ್ದಳು.

"ಹೊನ್ನೂರಣ್ಣಾ, ನಿನ್ನ ಸೈಕಲ್ಲು ನಾ ಯಾಕ ಒಯ್ಯಲಿ? ನನ್ನ ಚಾವಿ ಹಾಕೀನಿ, ಕೀಲಿ ತಗೀತು, ಏರಿ ಬಂದೀನಿ. ಕೀಲಿ ಏನ್ ಸುಳ್ಳ ಹೇಳ್ತೈತಿ?"

"ನಾನೂ ಹಂಗ ಏರಿ ಬಂದೀನಿ ತಂಗೀ."

ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೌಲಾಸಾಬನ ಹತ್ತಿರ ಅವಳದೇ ಒಂದು ಜಗಳವಿತ್ತು. "ಮೌಲಾಮಾಮಾ, ಅದೇನ್ ಹೊಸಾ ಚೈನು ಹಾಕಿಯೋ? ಮಿಲ್ಲಿನ ಹಂಪಿನ ಮ್ಯಾಲ ಬಿತ್ತು, ಸರ್ಕಲ್ಲಿನಾಗ ಬಿತ್ತು, ಬಸ್‌ಸ್ಟ್ಯಾಂಡ್ ಗೇಟಿನಾಗ ಬಿತ್ತು. ನನ್ನ ಕೈ ನೋಡಿದ್ರ ಬೀಗರು ಒಳಗ ಕರ್ಯಂಗಿಲ್ಲ."

ಹೊನ್ನೂರಪ್ಪನ ಎದೆಯಲ್ಲಿ ದೀಪ ಹೊತ್ತಿದಂತಾಯಿತು.

"ಅದು ನಂದ," ಎಂದ. "ಅದು ನಂದ ಸೈಕಲ್ಲು. ಎಲ್ಲಿ ಬಿಟ್ಟೀದಿ?"

ಬಸ್‌ಸ್ಟ್ಯಾಂಡಿನಲ್ಲಿ, ಕಬ್ಬಿನ ಹಾಲಿನ ಗಾಡಿಯ ಹಿಂದೆ ಗೋಡೆಗೆ ನಿಲ್ಲಿಸಿದ್ದಳು. ಅಂದರೆ ತಂದೆ ಮಗಳು ನಿಂತು ಜಗಳವಾಡಿದ ಜಾಗದಿಂದ ಇಪ್ಪತ್ತು ಹೆಜ್ಜೆ.

ಗಾಡಿಯ ಹಿಂದೆ ಹೋಗಿ ನೋಡಿದರೆ ನೀಲಿ ಸೈಕಲ್ಲುಗಳೇ ಏಳು. ಅತ್ತ ಕಂಡಕ್ಟರು ಮಸ್ಕಿ, ಲಿಂಗಸುಗೂರು ಎಂದು ಕೂಗತೊಡಗಿದ್ದ. ಗಡಿಬಿಡಿಯಲ್ಲಿ ಹೊನ್ನೂರಪ್ಪ ಒಂದೇ ಚಾವಿಯ ಕಥೆಯನ್ನೇ ಮರೆತ. ಮೊದಲನೆಯದಕ್ಕೆ ಚಾವಿ ಹಾಕಿದ, ತೆರೆಯಿತು. ಕವರಿನಡಿ ಒಂದು ಬೀಡಿ ಕಟ್ಟು. ಎರಡನೆಯದೂ ತೆರೆಯಿತು, ಏನೂ ಇಲ್ಲ. ಮೂರನೆಯದನ್ನು ತೆರೆಯುವಾಗ ಯಾರೋ ಹಿಂದಿನಿಂದ ಅಂಗಿಯ ಕಾಲರು ಹಿಡಿದು, ಹಾಡುಹಗಲೇ ಸಾಲು ಸಾಲಾಗಿ ಕೀಲಿ ತೆಗೆಯುತ್ತೀಯಲ್ಲ ಎಂದು ಕೇಳಿದ. ನಾಲ್ಕು ಜನ ಕೂಡಿದರು. ನನ್ನ ಸೈಕಲ್ಲು ಹುಡುಕುತ್ತಿದ್ದೇನೆ ಎಂದ ಹೊನ್ನೂರಪ್ಪ. ಹಾಗಾದರೆ ಈ ಮೂರರಲ್ಲಿ ನಿನ್ನದು ಯಾವುದು ಎಂದರು. ಮೂರೂ ನನ್ನದಲ್ಲ ಎಂದ. ಹೇಳಿದ ಮೇಲೆ ಅವನಿಗೇ ತಾನು ಕಳ್ಳನಿರಬಹುದೇನೋ ಎಂಬ ಅನುಮಾನ ಬಂತು.

ಅಶ್ವಿನಿ ಈ ಯಾವುದಕ್ಕೂ ನಿಲ್ಲಲಿಲ್ಲ. ಕುಕ್ಕರುಗಾಲಿನಲ್ಲಿ ಸಾಲಿನುದ್ದಕ್ಕೂ ಸರಿಯುತ್ತ ಒಂದೊಂದೇ ಬೆಲ್ಲಿನ ಹಿಂಭಾಗ ಬೆರಳಾಡಿಸುತ್ತ ಹೋದಳು. ಆರನೆಯದರ ಹತ್ತಿರ ನಿಂತಳು. ಬೊಟ್ಟು ಅರ್ಧ ಉದುರಿತ್ತು, ಅರ್ಧ ಇತ್ತು. ಸೀಟಿನ ಮೇಲೆಲ್ಲ ಮೈಮುನಾಬಿಯ ಕರಿ ಬೆರಳಚ್ಚು. ಕವರೆತ್ತಿ ಪ್ಲಾಸ್ಟಿಕ್ಕಿನ ಗಂಟು ತೆಗೆದು ಬಿಚ್ಚಿದಳು. ಕಾಲೇಜಿನ ಮೊಹರು, ಕೆಳಗೆ ಸಹಿ, ಮೇಲೆ ಅವಳ ಹೆಸರು.

"ಯಪ್ಪಾ, ಸಿಕ್ತು."

ಬಸ್ಸು ಹಿಂದಕ್ಕೆ ಸರಿದು ತಿರುಗುತ್ತಿತ್ತು. ಅವಳು ಫೈಲನ್ನು ಎದೆಗೆ ಒತ್ತಿಕೊಂಡು ಓಡಿದಳು, ಹಿಂದಿನ ಬಾಗಿಲಿನಲ್ಲಿ ಯಾರೋ ಹೆಂಗಸು ಕೈ ಹಿಡಿದು ಒಳಗೆಳೆದುಕೊಂಡಳು. ಕಾಲರು ಹಿಡಿದವನು ಬಸ್ಸನ್ನೂ ಹೊನ್ನೂರಪ್ಪನನ್ನೂ ನೋಡಿ, ಅರ್ಥವಾಗದಿದ್ದರೂ ಕೈ ಬಿಟ್ಟ. ಮೌಲಾಸಾಬ್ ಬಂದು ಸಮಾಧಾನ ಹೇಳಿದ, ಚಾವಿಯ ಸುದ್ದಿ ಮಾತ್ರ ಎತ್ತಲಿಲ್ಲ.

ಹೊನ್ನೂರಪ್ಪ ತೆರೆದ ಕೀಲಿಗಳನ್ನೆಲ್ಲ ಹಾಕಿದ. ಮೈಮುನಾಬಿಯ ಸೈಕಲ್ಲನ್ನು ತಂದು ತನ್ನದಿದ್ದ ಜಾಗದಲ್ಲೇ ನಿಲ್ಲಿಸಿ, ಗುಳಿಗೆ, ಲವಂಗ, ಪಿನ್ನು ಲೆಕ್ಕ ತಪ್ಪದಂತೆ ಕವರಿನಡಿ ಇಟ್ಟ. ಆಮೇಲೆ ಮೌಲಾಸಾಬನ ಅಂಗಡಿಯ ಮುಂದೆ ಕೂತ. ಬೇರೆ ಕೀಲಿ ಹಾಕಿಕೊಡಲೇನು ಎಂದು ಮೌಲಾಸಾಬ್ ತಗ್ಗಿದ ದನಿಯಲ್ಲಿ ಕೇಳಿದ. ಮೊದಲು ಫೋನ್ ಬರಲಿ ಎಂದ. ಎರಡಾಯಿತು, ಎರಡೂವರೆಯಾಯಿತು. ಮಗಳು ಮಸ್ಕಿಯಲ್ಲೇ ಇಳಿದುಬಿಟ್ಟಳೋ, ಫೈಲೇ ಬಸ್ಸಿನಲ್ಲಿ ಉಳಿಯಿತೋ ಎಂದು ತಲೆಯಲ್ಲಿ ಒಂದೊಂದೇ ಹುಳು. ಮೂರು ದಾಟಿದ ಮೇಲೆ ಕೂರಲಾಗದೆ ಮಿಲ್ಲಿನ ಕಡೆ ಹೊರಟ.

ಬಸ್‌ಸ್ಟ್ಯಾಂಡಿನ ಗುಂಡಿಯಲ್ಲಿ ಇಳಿದು ತಳ್ಳಿಕೊಂಡು ದಾಟಿದ್ದ. ಸರ್ಕಲ್ಲಿನ ನಟ್ಟನಡುವೆ ಲಾರಿಯವನು ಹಾರ್ನು ಒತ್ತಿದ್ದೇ ತಡ, ಚೈನು ಬಿತ್ತು. ಹೊನ್ನೂರಪ್ಪ ಅಲ್ಲೇ ಕೂತು ಎರಡೂ ಕೈಗಳನ್ನು ಕರಿಯಲ್ಲಿ ಅದ್ದಿ ಚೈನು ಏರಿಸುತ್ತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎರಡು ಬೆರಳಲ್ಲಿ ಎಳೆದು ತೊಡೆಯ ಮೇಲಿಟ್ಟು, ಬಗ್ಗಿ ಮೂಗಿನಿಂದ ಒತ್ತಿದ.

"ಕೊಟ್ಟೆ ಯಪ್ಪಾ. ತಗೊಂಡ್ರು. ಸೀಟು ನಂದ ಆತು."

ಹಿಂದೆ ಆಟೋದವನು ಏನೋ ಬೈದ. ಹೊನ್ನೂರಪ್ಪ ಎರಡೂ ಕರಿ ಕೈ ಎತ್ತಿ ಅವನಿಗೆ ಮುಗಿದ.

"ಯಪ್ಪಾ, ಎಲ್ಲಿದ್ದಿ?"

"ಸರ್ಕಲ್ಲಿನಾಗ. ಚೈನು ಬಿದ್ದೈತಿ."

"ಹಂಗಾರ ಅದು ನಮ್ಮ ಸೈಕಲ್ಲ," ಎಂದಳು ಮಗಳು.